ಬಣ್ಣ ಬಿಟ್ಟು ವಾಚನ್ನು ನೋಡಿ

ನಮಸ್ಕಾರ.

ಎನಾಮಲ್ ಕೆಲಸವಿರುವ ಹಳೆಯ ಲೇಡೀಸ್ ಕೈಗಡಿಯಾರಗಳನ್ನು ಗುರುತಿಸುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಲೇಖನವೂ ಅಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ದೊಡ್ಡ ತೊಂದರೆ ನಿಮ್ಮ ವಿಂಗಡಣೆಯದು. ನೀಲಿ, ಹಸಿರು, ಕಪ್ಪು, ಹೂವಿನ ಚಿತ್ರ ಎಂದು ಗುಂಪು ಮಾಡಿದ್ದೀರಿ. ಬಣ್ಣ ನೋಡಿದರೆ ವಾಚು ಯಾವ ಕಾಲದ್ದು, ಹೇಗೆ ಮಾಡಿದ್ದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಕೆಲಸದ ರೀತಿಯಿಂದ ಶುರು ಮಾಡಿ. ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಕೂರಿಸಿದ್ದೇ ಎನಾಮಲ್. ಲೋಹದಲ್ಲಿ ಗುಳಿ ಕೆತ್ತಿ ತುಂಬಿದರೆ ಶಾಂಪ್ಲವೆ. ತೆಳು ತಂತಿಯಲ್ಲಿ ಮನೆಗಳನ್ನು ಕಟ್ಟಿ ತುಂಬಿದರೆ ಕ್ಲೋಯ್ಸನೆ. ಯಂತ್ರದಲ್ಲಿ ನವಿರು ಗೆರೆ ಕೊರೆದು ಮೇಲೆ ಪಾರದರ್ಶಕ ಎನಾಮಲ್ ಕೊಟ್ಟದ್ದು ಗಿಯೋಶೆ. ಇಂಥ ವಾಚನ್ನು ಬೆಳಕಿನಲ್ಲಿ ಮೆಲ್ಲಗೆ ಹೊರಳಿಸಿದರೆ ಒಳಗಿನ ಗೆರೆಗಳ ಹೊಳಪು ಸರಿದಾಡುತ್ತದೆ. ಗೆರೆಗಳನ್ನು ಬರೀ ಬಣ್ಣದಲ್ಲಿ ಮುದ್ರಿಸಿದ ನಕಲಿನಲ್ಲಿ ಆ ಓಡಾಟ ಇರುವುದಿಲ್ಲ.

ಸುಡದೆ ಸುಮ್ನೆ ಒಣಗಿಸಿದ ಬಣ್ಣವನ್ನೂ ಮಾರುವವರು ಎನಾಮಲ್ ಎಂದೇ ಕರೆಯುತ್ತಾರೆ. ನೀವೂ ಹಾಗೇ ಕರೆದಿದ್ದೀರಿ. ಅಂಚು ಚಕ್ಕೆ ಎದ್ದಿದ್ದರೆ 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ನಿಜವಾದ ಎನಾಮಲ್ ಗಾಜಿನಂತೆ ಚೂಪಾಗಿ ಒಡೆದಿರುತ್ತದೆ, ಬಣ್ಣ ಪದರವಾಗಿ ಸುಲಿದಿರುತ್ತದೆ. ಇನ್ನೊಂದು ಗೊಂದಲ: ಸಾದಾ ಬೆಳ್ಳಿ ಕೇಸಿನೊಳಗಿನ (ಕೇಸು ಎಂದರೆ ವಾಚಿನ ಹೊರಕವಚ) ಬಿಳಿ ಎನಾಮಲ್ ಡಯಲನ್ನೂ ಎನಾಮಲ್ ಕೇಸನ್ನೂ ಒಂದೇ ಗುಂಪಿಗೆ ಹಾಕಿದ್ದೀರಿ. ಅವು ಬೇರೆ ಬೇರೆ, ಬೇರೆಯಾಗಿಯೇ ಬರೆಯಿರಿ.

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಒಂದು ವಾಚಿನಲ್ಲಿ 12 ಅಂಕಿ ಬಲಗಡೆ, ಕೀ ಕೊಡುವ ತಿರುಪಿನ ಪಕ್ಕದಲ್ಲೇ ಇದೆ ಎಂದೂ, ಪಟ್ಟಿ ಸಿಕ್ಕಿಸುವ ತಂತಿಯ ಬುಡದಲ್ಲಿ ಬೆಸುಗೆಯ ಗುರುತು ಕಾಣುತ್ತದೆ ಎಂದೂ ಬರೆದಿದ್ದೀರಿ. ಎಂಥ ಒಳ್ಳೆಯ ಕಣ್ಣು ನಿಮ್ಮದು! ಆದರೆ ‘ವಿಚಿತ್ರ ವಿನ್ಯಾಸ’ ಎಂದು ಒಂದೇ ಮಾತಿನಲ್ಲಿ ಮುಂದೆ ಹೋಗಿಬಿಟ್ಟಿದ್ದೀರಿ. ಸರದಲ್ಲೋ ಎದೆಯ ಪಿನ್ನಿನಲ್ಲೋ ನೇತಾಡುತ್ತಿದ್ದ ಪುಟ್ಟ ವಾಚನ್ನು ಆಮೇಲೆ ಕೈಗೆ ಕಟ್ಟುವಂತೆ ಬದಲಿಸಿದಾಗ ಉಳಿಯುವ ಗುರುತುಗಳು ಇವು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹೀಗೆ ಬದಲಿಸಿದ ವಾಚುಗಳು ಸಾಕಷ್ಟಿವೆ. ಬೆಸುಗೆಯ ಕಾವಿಗೆ ಅಕ್ಕಪಕ್ಕದ ಎನಾಮಲ್ ಬಿರಿದಿದೆಯೇ, ಅಲ್ಲಿ ಮತ್ತೆ ಬಣ್ಣ ಬಳಿದಿದ್ದಾರೆಯೇ? ನೋಡಿ ಬರೆಯಿರಿ. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಕಾಲ ಹೇಳುವಲ್ಲಿ ಆತುರ ಜಾಸ್ತಿಯಾಗಿದೆ. ಅಮೆರಿಕದ ಎಲ್ಜಿನ್ ಕಂಪನಿಯ ವಾಚಿಗೆ ಕೇಸಿನ ಮೇಲಿನ ನಂಬರ್ ಹಿಡಿದು ವರ್ಷ ಕೊಟ್ಟಿದ್ದೀರಿ. ಎಲ್ಜಿನ್ ನಂಬರುಗಳ ಪಟ್ಟಿ ಇರುವುದು ಒಳಗಿನ ಯಂತ್ರಕ್ಕೆ. ಅಮೆರಿಕದಲ್ಲಿ ಕೇಸುಗಳನ್ನು ವಾಡ್ಸ್‌ವರ್ತ್, ಕೀಸ್ಟೋನ್‌ನಂಥ ಬೇರೆ ಕಂಪನಿಗಳು ಮಾಡುತ್ತಿದ್ದವು. ಹೀಗಾಗಿ ಕೇಸಿಗೊಂದು, ಯಂತ್ರಕ್ಕೊಂದು ಎಂದು ಎರಡು ಲೆಕ್ಕ ಇಡಿ. ಬ್ರಿಟನ್‌ಗೆ ಬಂದ ವಿದೇಶಿ ಬೆಳ್ಳಿ, ಚಿನ್ನದ ಕೇಸುಗಳಿಗೆ 1907ರ ಜೂನ್‌ನಿಂದ ಅಲ್ಲಿನ ಆಮದು ಹಾಲ್‌ಮಾರ್ಕ್ ಕಡ್ಡಾಯವಾಯಿತು. ಅದರಲ್ಲಿ ವರ್ಷ ಸೂಚಿಸುವ ಅಕ್ಷರವನ್ನು ಓದಿದರೆ ಕೇಸಿಗೆ ಮುದ್ರೆ ಬಿದ್ದ ಕಾಲ ಸಿಗುತ್ತದೆ. ಹಳೆಯ ಸ್ವಿಸ್ ಮುದ್ರೆಗಳಲ್ಲಿ ಅಳಿಲಿದ್ದರೆ 14 ಕ್ಯಾರೆಟ್ ಚಿನ್ನ, ಹೆಲ್ವೇಷಿಯಾ (ಸ್ವಿಟ್ಜರ್ಲೆಂಡನ್ನು ಸಂಕೇತಿಸುವ ಹೆಣ್ಣು) ತಲೆಯಿದ್ದರೆ 18 ಕ್ಯಾರೆಟ್. ಬುಲೋವಾ ಕಂಪನಿಯ ವಾಚಿನ ಕೇಸಿನ ಹಿಂದೆ ಎಲ್4 (L4) ಎಂದಿದ್ದರೆ ಅದು 1954ರದು. ನಿಮ್ಮ ‘1915ರ’ ವಾಚಿನ ಯಂತ್ರದ ಫೋಟೋದಲ್ಲಿ ಇಂಕಾಬ್ಲಾಕ್ ಎಂಬ, ವಾಚು ಬಿದ್ದಾಗ ಪೆಟ್ಟು ತಡೆಯುವ ಸ್ಪ್ರಿಂಗಿನ ಏರ್ಪಾಡು ಕಾಣುತ್ತಿದೆ. ಅದು ಬಂದದ್ದೇ 1930ರ ದಶಕದಲ್ಲಿ. ಯಂತ್ರ ಬದಲಾಗಿರಬೇಕು, ಇಲ್ಲವೇ ಇಡೀ ವಾಚೇ ಆಮೇಲಿನದು.

ಭಾಷೆಯ ಬಗ್ಗೆ ಒಂದೇ ಮಾತು. ‘ಮನಮೋಹಕ’, ‘ಅಪರೂಪದ’ ಎಂಬ ಪದಗಳನ್ನು ತೆಗೆದು, ಆ ಜಾಗದಲ್ಲಿ ಕಂಡದ್ದನ್ನು ಹೇಳಿ.

ಬಣ್ಣ ಕರಗಿಸುವ ಅಸಿಟೋನ್ ಹಚ್ಚಿ ಎನಾಮಲ್ಲೋ ಬಣ್ಣವೋ ಎಂದು ಪರೀಕ್ಷಿಸಿ ಎಂಬ ಸಲಹೆಯನ್ನು ದಯವಿಟ್ಟು ಪೂರ್ತಿ ತೆಗೆಯಿರಿ. ಒಳ್ಳೆಯ ಎನಾಮಲ್ ಮೇಲೆ ಹಿಂದೆ ಯಾರೋ ಮಾಡಿದ ತೇಪೆಯೂ ಅದರಿಂದ ಕರಗಿಹೋಗುತ್ತದೆ. ಓದುಗರ ಕೈಯಲ್ಲಿರುವುದು ಅವರ ಅಜ್ಜಿಯ ವಾಚು ಆಗಿರಬಹುದು.

ತಿದ್ದಿದ ಲೇಖನದ ಜೊತೆ ಪ್ರತಿ ವಾಚಿನ ಮುಂಭಾಗ, ಓರೆ ಬೆಳಕಿನಲ್ಲಿ ಅಂಚು, ಮುಚ್ಚಳದ ಒಳಮೈ, ಯಂತ್ರ ಇಷ್ಟರ ಫೋಟೋ ಕಳಿಸಿ. ಮುಚ್ಚಳವನ್ನು ವಾಚು ರಿಪೇರಿಯವರ ಹತ್ತಿರವೇ ತೆಗೆಸಿ. ಬಂದ ಕೂಡಲೇ ನಾನೇ ಓದುತ್ತೇನೆ.

ಸಂಪಾದಕ