ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಸಂಬಳಕ್ಕೆ ಮಿತಿ ಇದ್ದರೂ 30 ಕೋಟಿ ಡಾಲರ್ ಒಪ್ಪಂದ ಹೇಗೆ ಸಾಧ್ಯ? ಅಷ್ಟೂ ದುಡ್ಡು ಆಟಗಾರನ ಕೈಗೆ ಬರುತ್ತದೆಯೇ? ಶೂ ಕಂಪನಿ ಕೊಡುವುದೂ ಇದರಲ್ಲೇ ಸೇರಿದೆಯೇ?

ನೀವು ಕೇಳಿದ್ದು ಮೂರು ಪ್ರಶ್ನೆ. ಕೊನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ, ಶೂ ದುಡ್ಡು ಬೇರೆಯೇ. ಉಳಿದೆರಡನ್ನು ಬಿಡಿಸಿ ಹೇಳಬೇಕು.

ತಂಡದ ಒಟ್ಟು ಸಂಬಳಕ್ಕಿರುವ ಮಿತಿಯೇ ಸ್ಯಾಲರಿ ಕ್ಯಾಪ್. ಅದು ಅಂದರೆ ಇದಕ್ಕಿಂತ ಹೆಚ್ಚು ಖರ್ಚು ಮಾಡಲೇಬಾರದು ಎಂಬ ಗೆರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಮುಖ್ಯವಾಗಿ ಅಡ್ಡ ಬರುವುದು ಹೊರಗಿನ ಆಟಗಾರನನ್ನು ತಂಡಕ್ಕೆ ಸೇರಿಸಿಕೊಳ್ಳುವಾಗ. ಮೂರು ಸೀಸನ್ ನಿಮ್ಮಲ್ಲೇ ಆಡಿದವನನ್ನು ಉಳಿಸಿಕೊಳ್ಳಲು ಕ್ಯಾಪ್ ದಾಟಿ ಎಷ್ಟು ಬೇಕಾದರೂ ಮುಂದೆ ಹೋಗಬಹುದು. ಇದನ್ನು ಬರ್ಡ್ ಹಕ್ಕು ಅನ್ನುತ್ತಾರೆ, ಬೋಸ್ಟನ್‌ನ ಲ್ಯಾರಿ ಬರ್ಡ್ ಹೆಸರಿನದು. ನಡುವೆ ಆಟಗಾರ ಟ್ರೇಡ್ ಆದರೆ, ಅಂದರೆ ತಂಡಗಳು ಅವನನ್ನು ಅದಲುಬದಲು ಮಾಡಿಕೊಂಡರೆ, ಈ ಹಕ್ಕೂ ಅವನ ಜೊತೆಗೇ ಹೊಸ ತಂಡಕ್ಕೆ ಹೋಗುತ್ತದೆ. ಈ ಮಿತಿ ಎಷ್ಟು ಸಡಿಲ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು: 1997–98ರಲ್ಲಿ ಇಡೀ ತಂಡದ ಕ್ಯಾಪ್ ಸುಮಾರು 2.69 ಕೋಟಿ ಡಾಲರ್. ಆ ವರ್ಷ ಶಿಕಾಗೊ ಬುಲ್ಸ್ ಮೈಕೆಲ್ ಜೋರ್ಡಾನ್ ಒಬ್ಬರಿಗೇ ಕೊಟ್ಟಿದ್ದು 3.31 ಕೋಟಿ! ಮರುವರ್ಷದ ಲಾಕೌಟ್ (ಒಪ್ಪಂದ ಕುದುರದೆ ಮಾಲೀಕರು ಆಟ ನಿಲ್ಲಿಸಿದ್ದು) ಮುಗಿದಾಗ ಮಾಲೀಕರು ಪಟ್ಟು ಹಿಡಿದು ಒಬ್ಬ ಆಟಗಾರನ ಸಂಬಳಕ್ಕೂ ಗರಿಷ್ಠ ಮಿತಿ ತಂದರು. ಅದೇ ಇವತ್ತಿನ ಮ್ಯಾಕ್ಸ್ ಒಪ್ಪಂದ.

ಮ್ಯಾಕ್ಸ್ ಲೆಕ್ಕ ಸರಳ. ಆರು ವರ್ಷದವರೆಗಿನ ಅನುಭವಕ್ಕೆ ಕ್ಯಾಪ್‌ನ ಶೇ. 25, ಏಳರಿಂದ ಒಂಬತ್ತು ವರ್ಷಕ್ಕೆ ಶೇ. 30, ಹತ್ತು ಅಥವಾ ಹೆಚ್ಚಾದರೆ ಶೇ. 35. ಆಲ್-ಎನ್‌ಬಿಎ ತಂಡಕ್ಕೆ (ಆ ಸೀಸನ್‌ನ ಶ್ರೇಷ್ಠ ಆಟಗಾರರ ಗೌರವ ಪಟ್ಟಿಗೆ) ಆಯ್ಕೆಯಾಗುವಂಥ ಸಾಧನೆ ಇದ್ದರೆ ಏಳೆಂಟು ವರ್ಷದ ಅನುಭವಕ್ಕೇ ಶೇ. 35 ಸಿಗಬಹುದು, ಅದು ಸೂಪರ್‌ಮ್ಯಾಕ್ಸ್. ಬೋಸ್ಟನ್ ಸೆಲ್ಟಿಕ್ಸ್‌ನ ಜೇಸನ್ ಟೇಟಮ್ 2024ರಲ್ಲಿ ಸಹಿ ಮಾಡಿದ್ದು ಇಂಥದ್ದಕ್ಕೇ. ನೀವೇ ಲೆಕ್ಕ ಹಾಕಿ ನೋಡಿ: 2025–26ರ ಕ್ಯಾಪ್ 15.46 ಕೋಟಿ ಡಾಲರ್, ಅದರ ಶೇ. 35 ಅಂದರೆ ಮೊದಲ ವರ್ಷದ ಸಂಬಳ 5.41 ಕೋಟಿ. ಆಮೇಲೆ ಪ್ರತಿ ವರ್ಷ ಶೇ. 8 ಏರಿಕೆ. ಇಲ್ಲೇ ಹಲವರು ಎಡವುತ್ತಾರೆ: ಈ ಎಂಟು ಶೇಕಡಾ ಚಕ್ರಬಡ್ಡಿಯಂತೆ ಬೆಳೆಯುವುದಿಲ್ಲ. ಮೊದಲ ವರ್ಷದ ಸಂಬಳದ ಶೇ. 8, ಅಂದರೆ 43.3 ಲಕ್ಷ ಡಾಲರ್, ಅಷ್ಟೇ ಮೊತ್ತ ಪ್ರತಿ ವರ್ಷ ಸೇರುತ್ತಾ ಹೋಗುತ್ತದೆ. ಐದು ವರ್ಷ ಕೂಡಿದರೆ 31.39 ಕೋಟಿ. ಪತ್ರಿಕೆಗಳಲ್ಲಿ ಬಂದ ಅಂಕಿ ಇದೇ. ಬೇರೆ ತಂಡಕ್ಕೆ ಫ್ರೀ ಏಜೆಂಟ್ ಆಗಿ (ಒಪ್ಪಂದ ಮುಗಿದು ಸ್ವತಂತ್ರನಾಗಿ) ಹೋಗುವವನಿಗೆ ಸಿಗುವುದು ಹೆಚ್ಚೆಂದರೆ ನಾಲ್ಕು ವರ್ಷ ಮತ್ತು ಶೇ. 5 ಏರಿಕೆ. ಸ್ಟಾರ್‌ಗಳು ಹಳೆಯ ತಂಡದಲ್ಲೇ ಉಳಿಯುವುದಕ್ಕೆ ನಿಷ್ಠೆಗಿಂತ ಈ ಐದನೇ ವರ್ಷವೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಈಗ ಕೈಗೆ ಬರುವುದರ ಮಾತು. ಸಂಬಳ ಸಾಮಾನ್ಯವಾಗಿ ನವೆಂಬರ್ 15ರಿಂದ ತಿಂಗಳಿಗೆ ಎರಡು ಕಂತಿನಂತೆ ಬರುತ್ತದೆ. ಪ್ರತಿ ಕಂತಿನಲ್ಲೂ ಶೇ. 10ರವರೆಗೆ ಎಸ್ಕ್ರೋ ಖಾತೆಗೆ, ಅಂದರೆ ಲೆಕ್ಕ ಮುಗಿಯುವವರೆಗೆ ತಡೆದಿಡುವ ಖಾತೆಗೆ, ಹಿಡಿದಿಡುತ್ತಾರೆ. ಏಕೆಂದರೆ ಲೀಗ್‌ನ ಬಾಸ್ಕೆಟ್‌ಬಾಲ್ ಆದಾಯದಲ್ಲಿ ಆಟಗಾರರೆಲ್ಲರ ಒಟ್ಟು ಪಾಲು ಶೇ. 49ರಿಂದ 51ರ ನಡುವೆ ಇರಬೇಕು ಎಂಬುದು ಒಪ್ಪಂದ. ವರ್ಷದ ಕೊನೆಯ ಲೆಕ್ಕದಲ್ಲಿ ಸಂಬಳಗಳ ಮೊತ್ತ ಆ ಪಾಲನ್ನು ದಾಟಿದ್ದರೆ, ಹಿಡಿದಿಟ್ಟ ಹಣದಿಂದ ಹೆಚ್ಚುವರಿಯಷ್ಟು ತಂಡಗಳಿಗೆ ಹೋಗುತ್ತದೆ, ಮಿಕ್ಕದ್ದು ಮಾತ್ರ ಆಟಗಾರರಿಗೆ ವಾಪಸ್. ಹಾಗಾಗಿ ಒಪ್ಪಂದದಲ್ಲಿ ಬರೆದ ಮೊತ್ತ ಪೂರ್ತಿ ಸಿಗುವ ಭರವಸೆ ಸ್ಟಾರ್‌ಗಳಿಗೂ ಇಲ್ಲ.

ಮೇಲೆ ತೆರಿಗೆ. ಕೇಂದ್ರದ್ದೇ ಗರಿಷ್ಠ ಹಂತ ಶೇ. 37. ರಾಜ್ಯದ್ದು ಬೇರೆ: ಮ್ಯಾಸಚೂಸೆಟ್ಸ್‌ನಲ್ಲಿ 2023ರಿಂದ ಹತ್ತು ಲಕ್ಷ ಡಾಲರ್ ದಾಟಿದ ಆದಾಯಕ್ಕೆ ಶೇ. 4 ಸರ್‌ಚಾರ್ಜ್ ಸೇರಿ ಒಟ್ಟು ಶೇ. 9, ಟೆಕ್ಸಸ್ ಮತ್ತು ಫ್ಲಾರಿಡಾದಲ್ಲಿ ಸೊನ್ನೆ. ಮನೆ ಫ್ಲಾರಿಡಾದಲ್ಲಿದ್ದರೆ ಪಾರು ಅಂತಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆಡಿದ ದಿನಗಳ ಪಾಲಿಗೆ ಅಲ್ಲಿನ ತೆರಿಗೆ ಕಟ್ಟಲೇಬೇಕು. ಅಭ್ಯಾಸದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಏಜೆಂಟ್ ಕಮಿಷನ್ ಆಟಗಾರರ ಸಂಘದ ನಿಯಮದಂತೆ ಹೆಚ್ಚೆಂದರೆ ಶೇ. 4. ಮ್ಯಾಕ್ಸ್ ಒಪ್ಪಂದದಲ್ಲಿ ಅಷ್ಟು ಕೊಡುವುದು ದಂಡ, ಮೊತ್ತವನ್ನು ನಿಯಮವೇ ನಿಗದಿ ಮಾಡಿರುವಾಗ ಚೌಕಾಸಿಗೆ ಉಳಿಯುವುದೇನು? ಎಲ್ಲ ಕಳೆದರೆ ದೊಡ್ಡ ಆಟಗಾರನಿಗೆ ಉಳಿಯುವುದು ಹೆಚ್ಚುಕಮ್ಮಿ ಅರ್ಧ.

ಹಾಗಾದರೆ ಮಾಲೀಕರು ಮನಬಂದಂತೆ ಏಕೆ ಖರ್ಚು ಮಾಡುವುದಿಲ್ಲ? ನಿಜವಾದ ಲಗಾಮು ಕ್ಯಾಪ್‌ಗಿಂತ ಮೇಲಿದೆ. 2025–26ರಲ್ಲಿ ತಂಡದ ಸಂಬಳ 18.79 ಕೋಟಿ ದಾಟಿದರೆ ಲೀಗ್‌ಗೆ ಕಟ್ಟುವ ದಂಡ, ಅಂದರೆ ಲಗ್ಷುರಿ ಟ್ಯಾಕ್ಸ್; ದಾಟಿದಷ್ಟೂ ದರ ಏರುತ್ತದೆ, ಪದೇ ಪದೇ ದಾಟುವವರಿಗೆ ಇನ್ನೂ ಕಠಿಣ. 20.78 ಕೋಟಿಗೆ ಸೆಕೆಂಡ್ ಏಪ್ರನ್ ಎಂಬ ಇನ್ನೊಂದು ಗೆರೆ. ಅದರ ಮೇಲಿದ್ದವರು ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡವನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ, ಟ್ರೇಡ್‌ಗೆ ನಗದು ಸೇರಿಸುವಂತಿಲ್ಲ, ಕ್ಯಾಪ್ ದಾಟಿಯೂ ಹೊರಗಿನ ಆಟಗಾರನನ್ನು ಕೊಳ್ಳಲು ಬಿಡುವ ಮಿಡ್-ಲೆವೆಲ್ ವಿನಾಯಿತಿ ಇಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸಬರನ್ನು ಆರಿಸುವ ಸರದಿ) ಕೂಡ ಟ್ರೇಡ್ ಮಾಡಲಾಗದಂತೆ ಹೆಪ್ಪುಗಟ್ಟುತ್ತದೆ. ದುಡ್ಡಿನ ದಂಡವನ್ನು ಶ್ರೀಮಂತ ಮಾಲೀಕ ಸಹಿಸಿಯಾನು, ಈ ಕಟ್ಟುಪಾಡನ್ನು ಸಹಿಸುವುದು ಕಷ್ಟ. 2024ರ ಚಾಂಪಿಯನ್ ಸೆಲ್ಟಿಕ್ಸ್ ಮರುವರ್ಷವೇ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಟ್ಟಿದ್ದು ಈ ಗೆರೆಯ ಕೆಳಗಿಳಿಯಲು.

ಪ್ರಾಯೋಜಕತ್ವಕ್ಕೆ ಬಂದರೆ, ಜೆರ್ಸಿಯ ಎದೆ ಮೇಲಿನ ಚಿಕ್ಕ ಲೋಗೋ ತಂಡದ ಮಾರಾಟ. 2017–18ರಲ್ಲಿ ಶುರುವಾಯಿತು. ಆ ಹಣ ಲೀಗ್‌ನ ಆದಾಯಕ್ಕೆ ಸೇರುವುದರಿಂದ ಎಲ್ಲ ಆಟಗಾರರಿಗೂ ಪರೋಕ್ಷವಾಗಿ ಪಾಲಿದೆ. ಟಿವಿ ಹಣವೂ ಹಾಗೆಯೇ. ಡಿಸ್ನಿ, ಎನ್‌ಬಿಸಿ, ಅಮೆಜಾನ್ ಜೊತೆಗಿನ ಹನ್ನೊಂದು ವರ್ಷದ ಸುಮಾರು 7,600 ಕೋಟಿ ಡಾಲರ್ ಒಪ್ಪಂದ 2025–26ರಿಂದ ಜಾರಿ. ಇಷ್ಟು ಬಂದರೂ ಕ್ಯಾಪ್ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. 2016ರಲ್ಲಿ ಅದು 7 ಕೋಟಿಯಿಂದ 9.41 ಕೋಟಿಗೆ ಒಮ್ಮೆಲೇ ನೆಗೆದು, ಆ ಸೀಸನ್‌ನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೆ ಸ್ಟಾರ್ ಆಟಗಾರ ಕೆವಿನ್ ಡ್ಯುರಾಂಟ್‌ರನ್ನೂ ಸೇರಿಸಿಕೊಳ್ಳುವ ಜಾಗ ಸಿಕ್ಕಿತ್ತು. ಅದು ಮರುಕಳಿಸಬಾರದೆಂದೇ ಈ ಕಡಿವಾಣ.

ಶೂ ಒಪ್ಪಂದ ಮಾತ್ರ ಆಟಗಾರನ ಸ್ವಂತದ್ದು. ಜೆರ್ಸಿ ನೈಕಿಯದಾದರೂ ಕಾಲಿಗೆ ಯಾವ ಕಂಪನಿಯದನ್ನಾದರೂ ಹಾಕಬಹುದು. ಹೊಸಬರಲ್ಲಿ ಹಲವರಿಗೆ ನಗದೇ ಇರುವುದಿಲ್ಲ, ಶೂ-ಬಟ್ಟೆ ಮಾತ್ರ. ಮೇಲಿನ ಹಂತದಲ್ಲಿ ಮೂಲ ಹಣ, ಪ್ರಶಸ್ತಿಗೆ ಬೋನಸ್, ಸ್ವಂತ ಹೆಸರಿನ ಶೂ ಇದ್ದರೆ ರಾಯಲ್ಟಿ. ಸಹಿಗೆ ಮುಂಚೆ ಓದಬೇಕಾದ್ದು ಎರಡು ಷರತ್ತು: ಇಂತಿಷ್ಟು ಪಂದ್ಯ ಆಡದಿದ್ದರೆ ಹಣ ಕಡಿತ, ಮತ್ತು ಬೇರೆ ಕಂಪನಿ ಕೊಡುವ ಮೊತ್ತವನ್ನು ಸರಿಗಟ್ಟಿ ಉಳಿಸಿಕೊಳ್ಳುವ ಹಕ್ಕು. ಎರಡನೆಯದು ಇದ್ದರೆ ಒಪ್ಪಂದ ಮುಗಿದ ಮೇಲೂ ಆಟಗಾರ ಪೂರ್ತಿ ಸ್ವತಂತ್ರನಲ್ಲ. ತಂಡ ತನ್ನ ಪ್ರಾಯೋಜಕರ ಮೂಲಕ ಗುಟ್ಟಾಗಿ ದುಡ್ಡು ದಾಟಿಸುವುದು ಮಹಾಪರಾಧ. ಹೊರಗಿನ ದುಡ್ಡಿಲ್ಲದೆ ಬರೀ ಗುಪ್ತ ಮಾತುಕೊಟ್ಟದ್ದಕ್ಕೇ, 2000ದಲ್ಲಿ ಆಟಗಾರ ಜೋ ಸ್ಮಿತ್ ಪ್ರಕರಣದಲ್ಲಿ, ಮಿನೆಸೋಟ ಟಿಂಬರ್‌ವುಲ್ವ್ಸ್‌ಗೆ 35 ಲಕ್ಷ ಡಾಲರ್ ದಂಡ ಬಿತ್ತು, ಐದು ಮೊದಲ ಸುತ್ತಿನ ಪಿಕ್‌ಗಳೂ ಹೋದವು. ಎರಡು ಆಮೇಲೆ ವಾಪಸ್ ಬಂದವು.

30 ಕೋಟಿಯ ಸುದ್ದಿ ನೋಡಿ ಎಲ್ಲರೂ ಹೀಗೇ ಅಂದುಕೊಳ್ಳಬೇಡಿ. ಟೂ-ವೇ ಆಟಗಾರನಿಗೆ (ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡುವವನಿಗೆ) ಸಿಗುವುದು ಹೊಸಬನ ಕನಿಷ್ಠ ಸಂಬಳದ ಅರ್ಧ, ಎನ್‌ಬಿಎಯಲ್ಲಿ ಗರಿಷ್ಠ 50 ಪಂದ್ಯ. ಗ್ಯಾರಂಟಿಯಿಲ್ಲದ ಒಪ್ಪಂದಗಳು ಜನವರಿ 10ಕ್ಕೆ ಆ ಸೀಸನ್ ಮಟ್ಟಿಗೆ ಗಟ್ಟಿಯಾಗುತ್ತವೆ. ಆದರೆ ಕೈಬಿಟ್ಟವನು 48 ಗಂಟೆ ವೇವರ್‌ನಲ್ಲಿ (ಬೇರೆ ತಂಡಗಳು ಅವನನ್ನು ಕೇಳಿ ಪಡೆಯಬಹುದಾದ ಅವಧಿ) ಇರಬೇಕಾದ್ದರಿಂದ, ತಂಡಗಳು ಕತ್ತರಿ ಆಡಿಸುವುದು ಜನವರಿ 7ರೊಳಗೇ. ಆ ವಾರ ಒಬ್ಬ ಆಟಗಾರ ಇದ್ದಕ್ಕಿದ್ದಂತೆ ಮಾಯವಾದರೆ, ಆಟ ಕೆಟ್ಟಿತ್ತು ಅಂತ ಅಲ್ಲದೆಯೂ ಇರಬಹುದು.