ತಾಳೆಯಾದ ಲೆಕ್ಕ, ತಾಳೆಯಾಗದ ಹುದ್ದೆ: ಒಬ್ಬ ಮುಖ್ಯ ಹಣಕಾಸು ಅಧಿಕಾರಿಯ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿ, ಸಂಬಂಧಪಟ್ಟವರ ಒಪ್ಪಿಗೆಯೊಂದಿಗೆ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಅವರಿಗೆ 52 ವರ್ಷ. ಮಧ್ಯಮ ಗಾತ್ರದ ತಯಾರಿಕಾ ಕಂಪನಿಯೊಂದರ ಮುಖ್ಯ ಹಣಕಾಸು ಅಧಿಕಾರಿ. ನಿದ್ರೆ ಬರುವುದಿಲ್ಲವೆಂಬ ದೂರಿಗೆ ವೈದ್ಯರ ತಪಾಸಣೆಯಲ್ಲಿ ದೈಹಿಕ ಕಾರಣ ಯಾವುದೂ ಕಾಣದೆ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದಿದ್ದರು. ಮೊದಲ ಭೇಟಿಗೆ ದಿನ ಗೊತ್ತುಮಾಡುವುದೇ ಕಷ್ಟವಾಯಿತು. ತಿಂಗಳ ಮೊದಲ 14 ದಿನ ಹಿಂದಿನ ತಿಂಗಳ ಲೆಕ್ಕ ಮುಗಿಸುವ ಕೆಲಸವಿರುತ್ತದೆ, ಆ ಅವಧಿಯಲ್ಲಿ ತಾನು ಕಚೇರಿ ಬಿಟ್ಟು ಒಂದು ಗಂಟೆಯೂ ಹೊರಬರಲಾರೆ ಎಂದು ಅವರು ಖಚಿತವಾಗಿ ತಿಳಿಸಿದರು. ಆ ಮಾತನ್ನು ಹೇಳುವಾಗ ದನಿಯಲ್ಲಿ ಆಯಾಸಕ್ಕಿಂತ ಹೆಮ್ಮೆಯೇ ಹೆಚ್ಚಾಗಿ ಕೇಳಿಸಿದ್ದನ್ನು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ.

ನಿದ್ರೆ ಕೆಟ್ಟ ಕಾಲವನ್ನು ಕೆದಕುತ್ತಾ ಹೋದಾಗ ಎರಡು ಸಂಗತಿಗಳು ಹೊರಬಂದವು. ವಾರ್ಷಿಕ ಮೌಲ್ಯಮಾಪನದಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಅವರಿಗೆ, "ಏನಾಯಿತು ಎಂಬುದನ್ನು ನೀವು ಒಂದು ಅಂಕಿಯೂ ತಪ್ಪದಂತೆ ಹೇಳುತ್ತೀರಿ. ಏನಾಗಬಹುದು ಎಂದು ಕೇಳಿದರೆ ಮಾತ್ರ ನಿಮ್ಮಿಂದ ಉತ್ತರ ಬರುವುದಿಲ್ಲ" ಎಂದಿದ್ದರು. ಅದಾದ ಎರಡು ತಿಂಗಳಿಗೆ, ಅವರ ಕೈಕೆಳಗೇ ಇದ್ದ ಯೋಜನೆ ಮತ್ತು ವಿಶ್ಲೇಷಣಾ ವಿಭಾಗದ ಮುಖ್ಯಸ್ಥೆಯನ್ನು ಮುಂದಿನ ವರ್ಷದ ಮುನ್ನಂದಾಜು ಮಂಡಿಸಲು ನೇರವಾಗಿ ನಿರ್ದೇಶಕ ಮಂಡಳಿಯ ಮುಂದೆ ಕರೆಸಲಾಯಿತು. ಆಕೆಗೆ 34 ವರ್ಷ. "ಅಂದಾಜು ಹೇಳಿ ಶಹಬ್ಬಾಸ್ ಪಡೆಯುವವರ ಕಾಲವಿದು, ಮೇಡಂ. ಲೆಕ್ಕ ಇಡುವವನು ಬರೀ ಗುಮಾಸ್ತನಾದ" ಎಂದು ಹೇಳಿ ಅವರು ಬಹಳ ಹೊತ್ತು ಸುಮ್ಮನಾದರು.

ಈ ಅಸಮಾಧಾನವನ್ನು ಹೊಟ್ಟೆಕಿಚ್ಚು ಎಂದು ಬದಿಗೆ ಸರಿಸಿಬಿಡುವುದು ಸುಲಭವಿತ್ತು. ಆದರೆ ಅವರು ಯಾವ ಕಾಲದಲ್ಲಿ ತಯಾರಾದವರು ಎಂಬುದನ್ನು ತಿಳಿಯದೆ ಹಾಗೆ ಮಾಡುವುದು ಅನ್ಯಾಯವಾಗುತ್ತಿತ್ತು. ಅವರು ಕಂಪನಿ ಸೇರಿದ್ದು 2002ರಲ್ಲಿ. 2001ರಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್, ಮರುವರ್ಷ ಅಲ್ಲಿಯದೇ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಲೆಕ್ಕದ ವಂಚನೆಯಿಂದ ಕುಸಿದಿದ್ದವು. ಎರಡೂ ಕಂಪನಿಗಳ ಹಣಕಾಸು ಮುಖ್ಯಸ್ಥರು ಮುಂದೆ ಜೈಲು ಸೇರಿದರು. ಅದೇ 2002ರ ಜುಲೈನಲ್ಲಿ ಬಂದ ಅಮೆರಿಕದ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆ, ಹಣಕಾಸು ವರದಿಗಳನ್ನು ಮುಖ್ಯ ಕಾರ್ಯನಿರ್ವಹಣಾಧಿಕಾರಿ ಮತ್ತು ಮುಖ್ಯ ಹಣಕಾಸು ಅಧಿಕಾರಿ ಇಬ್ಬರೂ ವೈಯಕ್ತಿಕವಾಗಿ ದೃಢೀಕರಿಸಬೇಕೆಂದು ವಿಧಿಸಿತು. ಸುಳ್ಳೆಂದು ತಿಳಿದೂ ಬೇಕೆಂದೇ ಸಹಿ ಹಾಕಿದವರಿಗೆ 20 ವರ್ಷಗಳವರೆಗೆ ಸೆರೆವಾಸದ ಶಿಕ್ಷೆ ಗೊತ್ತುಮಾಡಿತು. ಅದರ ನೆರಳು ಆ ದೇಶದ ಗಡಿಯೊಳಗೇ ನಿಲ್ಲಲಿಲ್ಲ. ತಮ್ಮ ಮೊದಲ ಮೇಲಧಿಕಾರಿ ಹೇಳಿದ್ದ "ಸಹಿ ಹಾಕುವ ಕೈ ಒಮ್ಮೆ ನಡುಗಬೇಕು" ಎಂಬ ಮಾತನ್ನು ಅವರು ಇಂದಿಗೂ ನೆನೆಯುತ್ತಾರೆ. ತಪ್ಪು ಮಾಡದಿರುವುದೇ ಅವರ ಪಾಲಿಗೆ ವೃತ್ತಿಯಾಗಿತ್ತು, ಬರಬರುತ್ತಾ ಅದೇ ಸ್ವಭಾವವಾಯಿತು.

ಆ ಕೈಯ ಕೆಳಗಿನ ಮೇಜು ಮಾತ್ರ ಈ ನಡುವೆ ಬದಲಾಗಿದೆ. ಬ್ಯಾಂಕ್ ಖಾತೆಯನ್ನು ತಾಳೆ ನೋಡುವುದು, ಬಿಲ್ಲು ಹೊಂದಿಸುವುದು ಮುಂತಾದ ಕೆಲಸಗಳಲ್ಲಿ ಹೆಚ್ಚಿನವನ್ನು ತಂತ್ರಾಂಶವೇ ಮುಗಿಸುತ್ತದೆ. ಹೊಸ ಲೆಕ್ಕಪತ್ರ ಮಾನದಂಡಗಳು ಹೆಚ್ಚು ವಿವೇಚನೆಯನ್ನು ಬೇಡುತ್ತವೆ: ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ, 2018ರಲ್ಲಿ ಜಾರಿಗೆ ಬಂದ, ಆದಾಯಕ್ಕೆ ಸಂಬಂಧಿಸಿದ ಐಎಫ್‌ಆರ್‌ಎಸ್ 15ರ ಪ್ರಕಾರ ಸರಕಿನ ಮೇಲಿನ ನಿಯಂತ್ರಣ ಗ್ರಾಹಕನಿಗೆ ಯಾವಾಗ ಹೋಯಿತೆಂದು ನಿರ್ಧರಿಸಬೇಕು, 2019ರ ಐಎಫ್‌ಆರ್‌ಎಸ್ 16ರ ಪ್ರಕಾರ ಗುತ್ತಿಗೆಯ ಅವಧಿ ನಿಜವಾಗಿ ಎಷ್ಟೆಂದು ಅಂದಾಜಿಸಬೇಕು. 2023ರಲ್ಲಿ ಬಂದ ಸುಸ್ಥಿರತೆಯ ಮಾನದಂಡಗಳಂತೂ ಹವಾಮಾನದ ಅಪಾಯವನ್ನು ವ್ಯವಹಾರದ ಭವಿಷ್ಯಕ್ಕೆ ಜೋಡಿಸಿ ಹೇಳಲು ಕೇಳುತ್ತವೆ. ಇವನ್ನೆಲ್ಲ ನನಗೆ ವಿವರಿಸಿದವರು ಅವರೇ, ಅದೂ ಸೊಗಸಾಗಿ. ಭವಿಷ್ಯದ ಬಗ್ಗೆ ಮಾತನಾಡಲಾರೆ ಎನ್ನುವ ವ್ಯಕ್ತಿ ಗುತ್ತಿಗೆಯ ಅವಧಿಯನ್ನು ಅಂದಾಜಿಸುವ ನೆಪದಲ್ಲಿ ಪ್ರತಿ ತ್ರೈಮಾಸಿಕವೂ ಭವಿಷ್ಯವನ್ನೇ ಲೆಕ್ಕ ಹಾಕುತ್ತಿದ್ದರು.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಅವರು ಆಗಲೇ ದತ್ತಾಂಶ ವಿಶ್ಲೇಷಣೆಯ ಆನ್‌ಲೈನ್ ತರಗತಿಯೊಂದಕ್ಕೆ ಸೇರಿದ್ದರು, ಇನ್ನೊಂದಕ್ಕೆ ಸೇರುವ ಯೋಚನೆಯಲ್ಲಿದ್ದರು. ಮೊದಲ ಎರಡು ಭೇಟಿಗಳಲ್ಲಿ ನಾನು ಅದನ್ನು ಉತ್ಸಾಹದಿಂದ ಬೆಂಬಲಿಸಿದೆ. ಮೂರನೆಯ ಭೇಟಿಗೆ ಅವರು ಪ್ರಮಾಣಪತ್ರ ತಂದು ತೋರಿಸಿದಾಗ, ಸರಿ ಉತ್ತರ ಒಂದೇ ಇರುವ ಪ್ರಶ್ನೆಗಳ ಲೋಕಕ್ಕೆ ಅವರು ಮತ್ತೆ ಓಡಿಹೋಗಿದ್ದಾರೆಂಬುದು, ಅದಕ್ಕೆ ದಾರಿ ಬಿಟ್ಟವರಲ್ಲಿ ನಾನೂ ಒಬ್ಬಳೆಂಬುದು ಅರಿವಾಯಿತು. ಅವರಿಗೆ ಕೊರತೆಯಿದ್ದದ್ದು ಹೊಸ ತಂತ್ರಾಂಶದ ಪರಿಚಯದಲ್ಲಲ್ಲ. ತಪ್ಪಾಗಬಹುದಾದ ಮಾತನ್ನು ನಾಲ್ಕು ಜನರ ಮುಂದೆ ಹೇಳಿ, ಅದರ ಹೊಣೆ ಹೊರುವ ಅಭ್ಯಾಸದಲ್ಲಿ.

ಎರಡು ವಾರ ತಮ್ಮ ಸಮಯದ ಲೆಕ್ಕ ಬರೆಯಲು ಹೇಳಿದೆ. ಲೆಕ್ಕ ಬರೆಯುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಅರ್ಧ ಗಂಟೆಗೊಂದು ಸಾಲಿನಂತೆ ಬರೆದು ತಂದರು. ಕೆಲಸದ 10 ದಿನಗಳಲ್ಲಿ ಸುಮಾರು 6 ದಿನಗಳಷ್ಟು ಹೊತ್ತು ಬೇರೆಯವರು ಒಮ್ಮೆ ಪರಿಶೀಲಿಸಿದ್ದನ್ನು ಇವರು ಮರುಪರಿಶೀಲಿಸುವುದಕ್ಕೇ ಹೋಗಿತ್ತು. ಉತ್ಪಾದನೆ ಮತ್ತು ಮಾರಾಟ ವಿಭಾಗದವರೊಂದಿಗೆ ಮಾತನಾಡಿದ ಸಮಯ ಎರಡು ಗಂಟೆಗೂ ಕಡಿಮೆ. ಹಾಳೆಯನ್ನು ತಾವೇ ಕೂಡಿ ಕಳೆದು ನೋಡಿ, "ನನ್ನ ಕೈಕೆಳಗಿನವರು ಹೀಗೆ ಬರೆದು ತಂದಿದ್ದರೆ ನಾನೇ ಒಪ್ಪುತ್ತಿರಲಿಲ್ಲ" ಎಂದರು.

ಆ ದಿನವೇ ಅವರು ಅದುವರೆಗೆ ಮುಚ್ಚಿಟ್ಟಿದ್ದ ಮೂರನೆಯ ಸಂಗತಿಯನ್ನು ಹೇಳಿದರು. ತ್ರೈಮಾಸಿಕದ ಕೊನೆಯ ವಾರ ದೊಡ್ಡದೊಂದು ಯಂತ್ರ ಗ್ರಾಹಕನಲ್ಲಿಗೆ ಹೊರಟಿತ್ತು. ಅಳವಡಿಸಿ, ಪರೀಕ್ಷಿಸಿ, ಗ್ರಾಹಕ ಒಪ್ಪಿಕೊಳ್ಳುವುದು ಬಾಕಿಯಿತ್ತು. ಮಾರಾಟ ಮುಖ್ಯಸ್ಥರು ಅದನ್ನು ಆ ತ್ರೈಮಾಸಿಕದ ಆದಾಯಕ್ಕೇ ಸೇರಿಸಬೇಕೆಂದು ಪಟ್ಟು ಹಿಡಿದರು, "ವ್ಯವಹಾರದ ಪಾಲುದಾರನಂತೆ ಯೋಚಿಸಿ" ಎಂದರು. ಇವರು "ಆಗುವುದಿಲ್ಲ" ಎಂದು ಕಡತ ಮುಚ್ಚಿ ಎದ್ದು ಹೋದರು. ಮೌಲ್ಯಮಾಪನದ ಕಟುಮಾತು ಆ ಘಟನೆಯ ಪ್ರತೀಕಾರವೆಂದೇ ಅವರು ನಂಬಿದ್ದರು.

ಈ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಹಣಕಾಸು ಅಧಿಕಾರಿ ಇನ್ನು ಮುಂದೆ ಪಾಲುದಾರನಾಗಬೇಕು, ತಂತ್ರಜ್ಞನಾಗಬೇಕು, ಕಥೆ ಹೇಳುವವನಾಗಬೇಕು ಎಂದು ಎಲ್ಲ ಕಡೆ ಕೇಳಿಬರುತ್ತದೆ. ಆ ಉತ್ಸಾಹದಲ್ಲಿ ಬಾಗಿಲು ಕಾಯುವ ಅವನ ಹಳೆಯ ಕೆಲಸವನ್ನು ಹಿಂದುಳಿದದ್ದೆಂದು ಬಿಂಬಿಸುವುದೂ ಉಂಟು. ನಾನು ಅವರಿಗೆ ಸ್ಪಷ್ಟವಾಗಿ ಹೇಳಿದೆ: ಆ ದಿನ ನಿಮ್ಮ ನಿರಾಕರಣೆ ಸರಿಯಾಗಿತ್ತು, ಇಂಥದ್ದರಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗಬೇಡಿ. ತಪ್ಪಿದ್ದು ಎದ್ದು ಹೋದದ್ದರಲ್ಲಿ. ಕುಳಿತಿದ್ದರೆ, ಗ್ರಾಹಕನ ಪರೀಕ್ಷೆಯನ್ನು ಬೇಗ ಮುಗಿಸಲು ಯಾರನ್ನು ಕಳುಹಿಸಬಹುದು, ಬಾರದ ಆದಾಯದ ಬಗ್ಗೆ ಮಂಡಳಿಗೆ ಮೊದಲೇ ಏನು ತಿಳಿಸಬಹುದು, ಕೈಯಲ್ಲಿರುವ ಆರ್ಡರ್‌ಗಳನ್ನು ಬೇರೆಯಾಗಿ ಹೇಗೆ ತೋರಿಸಬಹುದು ಎಂಬ ಮಾತುಗಳು ಅದೇ ಮೇಜಿನ ಮೇಲೆ ನಡೆಯುತ್ತಿದ್ದವು. ಪ್ರತೀಕಾರದ ಶಂಕೆಯ ಬಗ್ಗೆ ನಾನು ತೀರ್ಪು ಕೊಡಲಿಲ್ಲ. ಅದು ನಿಜವಿದ್ದರೂ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಮಾತಿನ ಎರಡನೆಯ ಅರ್ಧ ಸುಳ್ಳಾಗುವುದಿಲ್ಲ ಎಂದಷ್ಟೇ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಮುಂದಿನ ಭೇಟಿಯನ್ನು ಒಂದು ವಾರ ಮುಂದೂಡಿದರು.

ಮರಳಿ ಬಂದ ಮೇಲೆ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಒಂದು ನೋಟ್‌ಪುಸ್ತಕ. ಮುಂದಿನ 13 ವಾರಗಳ ನಗದು ಹರಿವಿನ ಅಂದಾಜನ್ನು ಹಣಕಾಸು ವಿಭಾಗಗಳು ಹೇಗೂ ಸಿದ್ಧಪಡಿಸುತ್ತವೆ. ಇವರು ವಾರಕ್ಕೊಮ್ಮೆ ಒಂದೇ ಅಂಕಿಯ ಬದಲು ಕನಿಷ್ಠ, ಗರಿಷ್ಠ, ಹೆಚ್ಚು ಸಂಭವನೀಯ ಎಂಬ ಮೂರನ್ನು ಸ್ವಂತ ಕೈಯಿಂದ ಬರೆದು, ಯಾವ ನಂಬಿಕೆಯ ಮೇಲೆ ಹಾಗೆ ಬರೆದೆನೆಂದು ಒಂದು ವಾಕ್ಯ ಸೇರಿಸಬೇಕು. ವಾರ ಕಳೆದ ಮೇಲೆ ನಿಜವಾದದ್ದನ್ನು ಪಕ್ಕದಲ್ಲಿ ಬರೆಯಬೇಕು, ತಿದ್ದುವಂತಿಲ್ಲ. ಅಂದಾಜು ತಪ್ಪುವುದಕ್ಕೂ ಲೆಕ್ಕ ತಪ್ಪುವುದಕ್ಕೂ ಇರುವ ಅಂತರ ಅವರ ಬುದ್ಧಿಗೆ ತಿಳಿದೇ ಇತ್ತು, ಮೈಗೆ ಗೊತ್ತಾಗಬೇಕಿತ್ತು. ಇದರೊಂದಿಗೆ, ಒಂದು ಮಿತಿಗಿಂತ ಚಿಕ್ಕದಾದ ನಮೂದುಗಳನ್ನು ಎರಡು ತಿಂಗಳು ತಾವು ನೋಡದೆ ಲೆಕ್ಕಪತ್ರ ವಿಭಾಗದ ವ್ಯವಸ್ಥಾಪಕರ ವಿವೇಚನೆಗೆ ಬಿಡಲು ಒಪ್ಪಿಸಿದೆ. ಈ ಮಾತಿಗೆ ಒಪ್ಪಲು ಅವರು ಮೂರು ಭೇಟಿ ತೆಗೆದುಕೊಂಡರು.

ಯೋಜನಾ ಮುಖ್ಯಸ್ಥೆಯನ್ನು ಕರೆದು ಒಂದೇ ಪ್ರಶ್ನೆ ಕೇಳಲು ಹೇಳಿದ್ದೆ: "ನಿಮ್ಮ ಅಂದಾಜಿನಲ್ಲಿ ನಿಮಗೇ ನಂಬಿಕೆಯಿಲ್ಲದ ಅಂಕಿ ಯಾವುದು?" ಆಕೆ ತಡಮಾಡದೆ ಬಾಕಿ ವಸೂಲಿ ಎಂದರಂತೆ. ಆಕೆಯ ಮಾದರಿ ಗ್ರಾಹಕರೆಲ್ಲ ಗಡುವಿಗೆ ಸರಿಯಾಗಿ ಹಣ ಕೊಡುತ್ತಾರೆಂದು ಭಾವಿಸಿತ್ತು. ಯಾವ ಗ್ರಾಹಕ ತನ್ನ ತ್ರೈಮಾಸಿಕ ಮುಗಿಯುವವರೆಗೆ ಹಣ ಹಿಡಿದಿಡುತ್ತಾನೆ, ಯಾರ ಬಿಲ್ಲು ಪ್ರತಿ ಬಾರಿ ಸಣ್ಣ ಆಕ್ಷೇಪದೊಂದಿಗೆ ಹಿಂದಿರುಗುತ್ತದೆ ಎಂಬುದು ಇವರಿಗೆ 23 ವರ್ಷಗಳಿಂದ ಬಾಯಿಪಾಠ. ಆ ಸಂಜೆ ಇಬ್ಬರೂ ಕುಳಿತು ಅಂದಾಜನ್ನು ತಿದ್ದಿದರು. ಕಿಚ್ಚು ಆರಿತು ಎನ್ನಲಾರೆ. ಆಕೆಯ ಬಗ್ಗೆ ಮಾತನಾಡುವಾಗ "ಆ ಹುಡುಗಿ" ಎನ್ನುವುದು ಮಾತ್ರ ನಿಂತಿತು.

ಐದನೆಯ ತಿಂಗಳಲ್ಲಿ ನೋಟ್‌ಪುಸ್ತಕ ತಂದಿದ್ದರು. 16 ವಾರಗಳಲ್ಲಿ 3 ವಾರ ನಿಜವಾದ ಅಂಕಿ ಅವರ ಕನಿಷ್ಠಕ್ಕಿಂತಲೂ ಕೆಳಗಿತ್ತು. ಅದರಲ್ಲೊಂದನ್ನು, ಯಾರೂ ಕೇಳುವ ಮೊದಲೇ, ಕಾರಣದೊಂದಿಗೆ ಮಂಡಳಿಯ ಮುಂದೆ ತಾವೇ ಹೇಳಿದರಂತೆ. ನಿದ್ರೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿಗಳು ಮುಂದುವರಿದಿವೆ. ಹೊರಡುವಾಗ ಮುಂದಿನ ಭೇಟಿಗೆ ತಿಂಗಳ ಐದನೆಯ ತಾರೀಖು ಆಗಬಹುದೇ ಎಂದು ಕೇಳಿದರು. ಆಗಬಹುದು ಎಂದೆ.