ಸಂಪಾದಕರ ಉತ್ತರ: ಪಕ್ಕದಲ್ಲಿ ನಿಲ್ಲುವವರನ್ನು ಆರಿಸುವ ಕಷ್ಟ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳು ತಮ್ಮ ರನ್ನಿಂಗ್ ಮೇಟ್, ಅಂದರೆ ಜೊತೆಯಲ್ಲಿ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಬಗ್ಗೆ ಎರಡು ಪುಟ ಬರೆದಿದ್ದೀರಿ. ಜಾತಿ, ಜಿಲ್ಲೆ ನೋಡಿ ನಮ್ಮವರು ಟಿಕೆಟ್ ಹಂಚುವುದಕ್ಕಿಂತ ಅದು ಹೇಗೆ ಬೇರೆ? ದೊಡ್ಡ ರಾಜ್ಯದವರೊಬ್ಬರನ್ನು ಹಾಕಿಕೊಂಡರೆ ಮುಗಿಯಿತಲ್ಲ? ನಮ್ಮ ಉಪರಾಷ್ಟ್ರಪತಿಯನ್ನೂ ಹಾಗೆಯೇ ಏಕೆ ಆರಿಸಬಾರದು?"

ಪ್ರಿಯ ಓದುಗರೇ,

ಲೆಕ್ಕಾಚಾರ ಅಲ್ಲೂ ಇದೆ, ಇಲ್ಲವೆನ್ನಲಾರೆ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ಯಾಥೊಲಿಕ್ ಅಭ್ಯರ್ಥಿ ಜಾನ್ ಕೆನಡಿ, ತಮ್ಮ ರಾಬರ್ಟ್ ಎಷ್ಟು ಬೇಡವೆಂದರೂ ದಕ್ಷಿಣದ ದೊಡ್ಡ ರಾಜ್ಯ ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಆರಿಸಿಕೊಂಡರು. ಟೆಕ್ಸಾಸ್ ಅವರಿಗೆ ದಕ್ಕಿದ್ದು ಸುಮಾರು 46 ಸಾವಿರ ಮತಗಳ ಅಂತರದಿಂದ. ಆದರೆ ಅದೇ ಸೂತ್ರ ಹಿಡಿದು 1988ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಡುಕಾಕಿಸ್ ಟೆಕ್ಸಾಸ್‌ನ ಬೆಂಟ್ಸನ್ ಅವರನ್ನು ಕರೆತಂದರು, ಟೆಕ್ಸಾಸ್ ಕೈಕೊಟ್ಟಿತು. (ಎದುರಾಳಿ ಬುಷ್ ಕೂಡ ಅದೇ ರಾಜ್ಯದಲ್ಲಿ ನೆಲೆಯೂರಿದ್ದವರು, ಅದು ಬೇರೆ ಮಾತು.) 2004ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಎಡ್ವರ್ಡ್ಸ್‌ಗೆ ತವರು ನಾರ್ತ್ ಕ್ಯಾರೊಲಿನಾ ಒಲಿಯಲಿಲ್ಲ, 2012ರಲ್ಲಿ ಪಾಲ್ ರಯಾನ್‌ಗೆ ತವರು ವಿಸ್ಕಾನ್ಸಿನ್ ಒಲಿಯಲಿಲ್ಲ. ತವರು ರಾಜ್ಯದ ನಂಬಿಕೆಯನ್ನು ನಾನಂತೂ ಅಷ್ಟಾಗಿ ನಂಬುವುದಿಲ್ಲ.

ಮತದಾರರಿಗೆ ಈ ಆಯ್ಕೆಯಿಂದ ಗೊತ್ತಾಗುವುದು ಆರಿಸಿದವರ ಗುಣ. 1972ರ ಜುಲೈನಲ್ಲಿ ಮಯಾಮಿ ಬೀಚ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಜಾರ್ಜ್ ಮೆಕ್‌ಗವರ್ನ್ ಅವರಿಗೆ ಅಧ್ಯಕ್ಷ ಸ್ಥಾನದ ಉಮೇದುವಾರಿಕೆ ಕೊಟ್ಟಿತು. ಅವರ ಪಕ್ಕದಲ್ಲಿ ನಿಲ್ಲಲು ಎಡ್ವರ್ಡ್ ಕೆನಡಿ ಸೇರಿ ಒಬ್ಬೊಬ್ಬರೇ ಒಲ್ಲೆ ಎಂದರು. ಹೊತ್ತು ಮೀರುತ್ತಿದ್ದಾಗ ಮಿಸೌರಿಯ ಸೆನೆಟರ್ ಥಾಮಸ್ ಈಗಲ್‌ಟನ್ ಅವರಿಗೆ ಫೋನ್ ಹೋಯಿತು. ಹೆಣ್ಣು ಕೊಡುವ ಮುಂಚೆ ನಾಲ್ಕು ಮನೆ ವಿಚಾರಿಸುವಷ್ಟೂ ವಿಚಾರಣೆ ನಡೆಯಲಿಲ್ಲ. ಮುಚ್ಚಿಡುವಂಥದ್ದೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಅವರು ಇಲ್ಲವೆಂದರು. ಖಿನ್ನತೆಗಾಗಿ ಅವರು 1960ರ ದಶಕದಲ್ಲಿ ಮೂರು ಬಾರಿ ಆಸ್ಪತ್ರೆ ಸೇರಿದ್ದು, ವಿದ್ಯುತ್ ಆಘಾತ ಚಿಕಿತ್ಸೆ ಪಡೆದದ್ದು ಕೆಲವೇ ದಿನಗಳಲ್ಲಿ ಹೊರಬಿತ್ತು. ಮೆಕ್‌ಗವರ್ನ್ ಮೊದಲು "ಸಾವಿರ ಪರ್ಸೆಂಟ್" ಅವರ ಬೆನ್ನಿಗಿದ್ದೇನೆ ಎಂದರು, ಆಮೇಲೆ ಕೈಬಿಟ್ಟರು. ಹದಿನೆಂಟೇ ದಿನಕ್ಕೆ ಈಗಲ್‌ಟನ್ ಹೊರಗೆ, ಸಾರ್ಜಂಟ್ ಶ್ರೈವರ್ ಒಳಗೆ. ನವೆಂಬರ್‌ನಲ್ಲಿ 50ರಲ್ಲಿ 49 ರಾಜ್ಯಗಳು ಎದುರಾಳಿ ನಿಕ್ಸನ್ ಪಾಲಾದವು. ಸೋಲು ಹೇಗೂ ಇತ್ತೆನ್ನಿ. ಆದರೆ ಈಗಲ್‌ಟನ್ ಅವರ ಕಾಯಿಲೆಗಿಂತ ಮೆಕ್‌ಗವರ್ನ್ ಅವರ ಅವಸರ, ಆಮೇಲಿನ ಹೊಯ್ದಾಟವೇ ಹೆಚ್ಚು ಹಾನಿ ಮಾಡಿತೆಂದು ನನ್ನ ಎಣಿಕೆ. ಮುಂದಿನ ಚುನಾವಣೆಯಲ್ಲಿ ಜಿಮ್ಮಿ ಕಾರ್ಟರ್ ಆಕಾಂಕ್ಷಿಗಳ ಪೂರ್ವಾಪರ ಜಾಲಾಡಿಸಿ, ಮಾಂಡೇಲ್ ಅವರನ್ನು ತಮ್ಮ ಊರಾದ ಪ್ಲೇನ್ಸ್‌ಗೇ ಕರೆಸಿ ಮಾತಾಡಿ, ಆಮೇಲಷ್ಟೇ ಆರಿಸಿದರು.

ಇಷ್ಟು ಜಾಗರೂಕತೆಗೆ ಕಾರಣವೂ ಇದೆ. ಈವರೆಗೆ ಒಂಬತ್ತು ಉಪಾಧ್ಯಕ್ಷರು ಚುನಾವಣೆಯಿಲ್ಲದೆ ನೇರ ಅಧ್ಯಕ್ಷರಾಗಿದ್ದಾರೆ: ಎಂಟು ಮಂದಿ ಅಧ್ಯಕ್ಷರ ಮರಣದಿಂದ, ನಿಕ್ಸನ್ ಅವರ ರಾಜೀನಾಮೆಯಿಂದ ಫೋರ್ಡ್. 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಆರೋಗ್ಯ ಕೆಡುತ್ತಿದ್ದುದನ್ನು ಕಂಡಿದ್ದ ಪಕ್ಷದ ಮುಖಂಡರು ಆಗಿನ ಉಪಾಧ್ಯಕ್ಷ ಹೆನ್ರಿ ವ್ಯಾಲೆಸ್ ಅವರನ್ನು ಸರಿಸಿ ಟ್ರೂಮನ್ ಅವರನ್ನು ತಂದರು. ಟ್ರೂಮನ್ ಉಪಾಧ್ಯಕ್ಷರಾಗಿದ್ದದ್ದು 82 ದಿನ, ಅಷ್ಟರಲ್ಲಿ ರೂಸ್‌ವೆಲ್ಟ್ ತೀರಿಕೊಂಡರು. ಅಣುಬಾಂಬಿನ ಪೂರ್ಣ ವಿವರ ಅವರಿಗೆ ತಿಳಿದದ್ದು ಅಧ್ಯಕ್ಷರಾದ ಮೇಲೆ!

ನಿಮ್ಮ ಕೊನೆಯ ಪ್ರಶ್ನೆ. ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡೂ ಸದನಗಳ ಸದಸ್ಯರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ. ರಾಷ್ಟ್ರಪತಿಯ ಜೊತೆ ಒಂದೇ ಟಿಕೆಟ್ಟಿನಲ್ಲಿ ನಿಲ್ಲುವ ಪದ್ಧತಿಯೇ ಇಲ್ಲ. ರಾಷ್ಟ್ರಪತಿ ತೀರಿಕೊಂಡರೂ ಉಪರಾಷ್ಟ್ರಪತಿ ಉಳಿದ ಅವಧಿಗೆ ರಾಷ್ಟ್ರಪತಿಯಾಗುವುದಿಲ್ಲ, ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಬೇಕು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದ 1977ರ ಫೆಬ್ರವರಿಯಿಂದ ನಮ್ಮವರೇ ಆದ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಂಡರು.

– ಸಂಪಾದಕ